ನೀಲಕ್ಕ ಓದುತ್ತಿದ್ದ ಹೆಸರು

ಹಾಲಿನವನು ಚೀಲ ತೂಗುಹಾಕಿ ಹೋದ ಸ್ವಲ್ಪ ಹೊತ್ತಿಗೆ ಎದುರು ಮನೆಯ ಚಿಲಕ ಸದ್ದು ಮಾಡುತ್ತಿತ್ತು. ನೀಲಕ್ಕ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದರು. ತಲೆಯ ಮೇಲೆ ಸೆರಗು, ಹಣೆಯಲ್ಲಿ ವಿಭೂತಿ, ಎಡ ಅಂಗೈ ಎಡಗಣ್ಣಿನ ಮೇಲೆ. ಹಾಗೆ ಒಂದು ಕಣ್ಣು ಮುಚ್ಚಿಕೊಂಡು, ನಮ್ಮ ಬಾಗಿಲ ಮೇಲಿನ ಹಿತ್ತಾಳೆಯ ಫಲಕವನ್ನು ದಿಟ್ಟಿಸಿ, ಶಾಲೆಯಲ್ಲಿ ಹಾಜರಿ ಕೂಗುವ ಮಾಸ್ತರರ ದನಿಯಲ್ಲಿ ಓದುತ್ತಿದ್ದರು.

“ಹೆಬ್ರಿ ಮಾಧವ ರಾವ್.”

ಒಳಗೆ ಕುರ್ಚಿಯಲ್ಲಿ ಕುಳಿತ ನನ್ನ ಅಪ್ಪ ಕಾಫಿ ಲೋಟದಿಂದ ತಲೆ ಎತ್ತದೆ ಉತ್ತರ ಕೊಡುತ್ತಿದ್ದರು. “ಇದ್ದೇನೆ ಮಾರಾಯ್ತಿ, ಇದ್ದೇನೆ.”

“ರ ಒತ್ತು ಕಾಣಾಕತ್ತೈತಿ ನೋಡ್ರಿ ರಾಯರ.”

“ಹಾಗಾದರೆ ಇವತ್ತಿಗೆ ನೀವೂ ಪಾಸು, ನಾನೂ ಪಾಸು.”

ಡೊಂಬಿವಲಿಯ ಆ ಹಳೆಯ ಕಟ್ಟಡಕ್ಕೆ ಹೊಸದಾಗಿ ಬಂದ ಬಾಡಿಗೆಯವರು ಇದನ್ನು ಕಂಡು ಯಾವುದೋ ವ್ರತ ಇರಬೇಕು ಎಂದುಕೊಳ್ಳುತ್ತಿದ್ದರು. ವ್ರತವಲ್ಲ, ಡಾಕ್ಟರರ ಅಪ್ಪಣೆ. ನೀಲಕ್ಕನ ಬಲಗಣ್ಣಿನ ಮುಂದುಗಡೆಯ ಗಾಜಿನಂಥ ಪರದೆ, ಕಾರ್ನಿಯಾ ಅನ್ನುತ್ತಾರಲ್ಲ, ಅದು ಬೇರೆ ಯಾರದೋ. ತೀರಿಹೋದವರೊಬ್ಬರಿಂದ ತೆಗೆದು ಇವರಿಗೆ ಹೊಲಿದದ್ದು. ದೇಹ ಅದನ್ನು ಯಾವತ್ತು ಬೇಕಾದರೂ ‘ಇದು ನನ್ನದಲ್ಲ’ ಎಂದು ಒಲ್ಲೆ ಅನ್ನಬಹುದು. ಹಾಗೆ ಒಲ್ಲೆ ಅನ್ನುವಾಗ ನೋವು ಬಂದೇ ಬರುತ್ತದೆ ಎಂದಿಲ್ಲ, ಮೊದಲು ನೋಟ ಮಂಜಾಗುತ್ತದೆ. ಅದಕ್ಕೇ ದಿನಾ ಒಂದೇ ಜಾಗದಲ್ಲಿ ನಿಂತು, ಆ ಒಂದು ಕಣ್ಣಿನಿಂದ ಒಂದೇ ವಸ್ತುವನ್ನು ನೋಡಬೇಕು. ನಿನ್ನೆಗಿಂತ ಇಂದು ಮಂಕಾಗಿ ಕಂಡರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಬೇರೆಯವರಾಗಿದ್ದರೆ ಗೋಡೆಯ ಕ್ಯಾಲೆಂಡರನ್ನೋ ಗಡಿಯಾರವನ್ನೋ ಆರಿಸಿಕೊಳ್ಳುತ್ತಿದ್ದರು. ನೀಲಕ್ಕ ನನ್ನ ಅಪ್ಪನ ಹೆಸರನ್ನು ಆರಿಸಿಕೊಂಡರು.

ಆ ಫಲಕದ ಮೇಲೆ ಅಪ್ಪನಿಗೆ ವಿಪರೀತ ಅಭಿಮಾನ. ಕಲ್ಯಾಣದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂತು ಕೂತು ಕೊನೆಗೂ ಸ್ವಂತ ಮನೆ ಕೊಂಡಾಗ, ಊರಿಗೆ ಹೋಗಿ ಕನ್ನಡದಲ್ಲೇ ಅಕ್ಷರ ಕೊರೆಸಿ ತಂದಿದ್ದರು. ಇಡೀ ಕಟ್ಟಡದಲ್ಲಿ ಕನ್ನಡದ ಫಲಕ ಅದೊಂದೇ. ಕೊರಿಯರಿನವರು ಅದರ ಮುಂದೆ ನಿಂತು ಫೋನು ಮಾಡಿ “ಘರ್ ಕಿಧರ್ ಹೈ” ಎಂದು ನನ್ನನ್ನೇ ಕೇಳುತ್ತಿದ್ದರು. ನನ್ನ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಓದಲು ಬರುವುದಿಲ್ಲ, ಉತ್ತರವೆಲ್ಲ ಹಿಂದಿಯಲ್ಲಿ. ಅಂಥ ಜಾಗದಲ್ಲಿ ತನ್ನ ಹೆಸರನ್ನು ದಿನಾ ಒಬ್ಬರು ಗಟ್ಟಿಯಾಗಿ ಓದುತ್ತಾರೆ ಎಂದರೆ ಅಪ್ಪನಿಗೆ ಅದಕ್ಕಿಂತ ದೊಡ್ಡ ಸನ್ಮಾನ ಇನ್ನೇನು ಬೇಕು? ಅವರು ಕಾಫಿಯನ್ನು ಸಹ ಆ ಹೊತ್ತಿಗೆ ಸರಿಯಾಗಿ ಕುಡಿಯಲು ಶುರುಮಾಡಿದರು.

ನೀಲಕ್ಕ ಇಂಡಿ ಕಡೆಯವರು. ಮದುವೆಯಾಗಿ ಬಂದದ್ದು ಇದೇ ಡೊಂಬಿವಲಿಗೆ. ಗಂಡ ಸಿದ್ದಪ್ಪನವರು ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯಲ್ಲಿದ್ದರು. ಒಂದು ದಿನ ನೀಲಿ ಕೈ, ಇನ್ನೊಂದು ದಿನ ಕೆಂಪು ಕೈ ಹೊತ್ತುಕೊಂಡು ಮನೆಗೆ ಬರುತ್ತಿದ್ದ ಬಡಪಾಯಿ. “ಇವತ್ತ ಯಾವ ಬಣ್ಣದ ಗಂಡ ಬರ್ತಾನಂತ ನೋಡೂಣ” ಎಂದು ನೀಲಕ್ಕ ಮೆಟ್ಟಿಲ ಬಳಿ ನಿಂತಿರುತ್ತಿದ್ದರು. ಬಾಗಿಲು ಎದುರುಬದುರಾದರೂ ಹಿಂಭಾಗದಲ್ಲಿ ಅವರ ಅಡುಗೆಮನೆಗೂ ನಮ್ಮ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಅವರು ರೊಟ್ಟಿ ಬಡಿಯುವ ಸದ್ದಿಗೇ ನನಗೆ ಎಚ್ಚರ. ಅಲಾರಂ ಆದರೂ ಒತ್ತಿದರೆ ಸುಮ್ಮನಾಗುತ್ತದೆ, ಅವರ ರೊಟ್ಟಿ ನಿಲ್ಲುತ್ತಿರಲಿಲ್ಲ. ಕೋಪ ಬಂದು ನಾನು ಗೋಡೆ ಗುದ್ದಿದರೆ ಆ ಕಡೆಯಿಂದ “ಎದ್ದಿ ಏನ ತಂಗಿ, ಚಲೋ ಆತು” ಎಂಬ ಉತ್ತರ, ಆಮೇಲೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ. ಕೋಪವನ್ನು ಎಷ್ಟು ಹೊತ್ತು ಇಟ್ಟುಕೊಳ್ಳಲು ಸಾಧ್ಯ?

ಅವರ ಮರಾಠಿ ಕೇಳಬೇಕಿತ್ತು. ಕನ್ನಡದ ವಾಕ್ಯಕ್ಕೆ ಮರಾಠಿ ಶಬ್ದಗಳನ್ನು ತುಂಬಿ, ಕೊನೆಗೆ ಒಂದು ‘ರಿ’ ಸೇರಿಸಿ ಮಾತಾಡುತ್ತಿದ್ದರು. ತರಕಾರಿಯವಳು ಅದನ್ನು ಅರ್ಥಮಾಡಿಕೊಳ್ಳುವ ಹೊತ್ತಿಗೆ ಇವರು ಕೊತ್ತಂಬರಿಯನ್ನು ಬಿಟ್ಟಿಯಾಗಿ ಚೀಲಕ್ಕೆ ಹಾಕಿಕೊಂಡಾಗಿರುತ್ತಿತ್ತು. ಎಂಥ ಸುದ್ದಿ ಹೇಳಿದರೂ, ಒಳ್ಳೆಯದಿರಲಿ ಕೆಟ್ಟದ್ದಿರಲಿ, “ಇರಲಿ ಬಿಡು, ನೋಡೂಣಂತ” ಎನ್ನುವುದು ಅವರ ರೂಢಿ.

ಎಡಗಣ್ಣು ಅವರಿಗೆ ಚಿಕ್ಕಂದಿನಿಂದಲೇ ಕಾಣುತ್ತಿರಲಿಲ್ಲ. ಕೂಸಾಗಿದ್ದಾಗ ದಡಾರ ಬಂದು, ಕರಿಗುಡ್ಡೆಯ ಮೇಲೆ ಬೆಳ್ಳಗೆ ಕಲೆ ಕಟ್ಟಿತ್ತು. ಬೆಳಕು ನೆರಳು ಬಿಟ್ಟರೆ ಅದರಲ್ಲಿ ಏನೂ ತಿಳಿಯುತ್ತಿರಲಿಲ್ಲ. ಇದ್ದದ್ದು ಬಲಗಣ್ಣು ಒಂದೇ. ಒಮ್ಮೆ ನಾನೇ ಕೇಳಿದೆ, “ಎಡಗಣ್ಣು ಹೇಗೂ ಕಾಣುವುದಿಲ್ಲವಲ್ಲ ನೀಲಕ್ಕ, ಅದನ್ನು ಯಾಕೆ ದಿನಾ ಮುಚ್ಚಿಕೊಳ್ಳುತ್ತೀರಿ?”

“ಡಾಕ್ಟರ್ ಮುಚ್ಚು ಅಂದಾಳ, ಮುಚ್ಚತೀನಿ” ಎಂದರು. ಆಮೇಲೆ, “ಅದರ ಮುಂದ ಇದೊಂದನ್ನ ಓದಿಸಿದ್ರ ಅದಕ್ಕ ಬ್ಯಾಸರ ಆಗಬಾರದು ನೋಡು” ಎಂದರು.

ಆ ಒಂದು ಕಣ್ಣಿಗೂ ಕುತ್ತು ಬಂದದ್ದು ಜೋಳದಿಂದ. ಅಂಗಡಿಯ ಜೋಳ ಅವರಿಗೆ ಆಗುತ್ತಿರಲಿಲ್ಲ. ಊರಿಂದ ಬಸ್ಸಿನಲ್ಲಿ ಚೀಲ ಬರಬೇಕು, ಅದನ್ನು ಗಾಳಿ ಬೀಸುವ ದಿನ ನೋಡಿ ಕಟ್ಟಡದ ತಾರಸಿಯ ಮೇಲೆ ಮೊರ ಹಿಡಿದು ಕೇರಬೇಕು. ಹೊಟ್ಟು ಹಾರಿ ಪಕ್ಕದ ಕಟ್ಟಡದವರ ಒಗೆದ ಬಟ್ಟೆಗೆಲ್ಲ ಅಂಟಿ ಜಗಳವಾಗುತ್ತಿತ್ತು. ಒಂದು ಬೇಸಿಗೆಯಲ್ಲಿ ಹಾಗೆ ಕೇರುತ್ತಿದ್ದಾಗ ಒಂದು ಚೂರು ಹೊಟ್ಟು ಅವರ ಬಲಗಣ್ಣಿಗೇ ಹಾರಿತು. ಸೆರಗಿನ ತುದಿಯಿಂದ ಒರೆಸಿದರು, ಚೆನ್ನಾಗಿ ತಿಕ್ಕಿದರು, ಮತ್ತೆ ಕೇರಿದರು.

ಮರುದಿನ ಕಣ್ಣು ಕೆಂಪಾಯಿತು. ಆಗ ನೀಲಕ್ಕ ಮಾಡಿದ ಕೆಲಸವನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಸಿಟ್ಟಿನ ಹಿಂದೆಯೇ ಅಳು ಬರುತ್ತದೆ. ಸಿದ್ದಪ್ಪನವರು ತೀರಿಕೊಂಡು ಆಗಲೇ ಒಂದೆರಡು ವರ್ಷವಾಗಿತ್ತು. ಅದಕ್ಕೂ ಮೊದಲು ಅವರಿಗೆ ಮೋತಿಬಿಂದುವಿನ, ಅಂದರೆ ಕಣ್ಣಿನ ಪೊರೆಯ, ಆಪರೇಷನ್ ಆಗಿತ್ತು. ಆಗ ಕೊಟ್ಟ ಕಣ್ಣಿನ ಔಷಧದ ಪುಟ್ಟ ಬಾಟಲಿ ಅರ್ಧ ಉಳಿದು ದೇವರ ಫೋಟೋದ ಹಿಂದೆ ಕುಳಿತಿತ್ತು. ನೀಲಕ್ಕ ಅದನ್ನು ಎಸೆದಿರಲಿಲ್ಲ. ಗಂಡನ ಚಪ್ಪಲಿ, ಗಂಡನ ಕನ್ನಡಕ, ಗಂಡನ ಔಷಧ, ಎಲ್ಲ ಇದ್ದಲ್ಲೇ ಇದ್ದವು. ಅದನ್ನೇ ತೆಗೆದು ಹಾಕಿಕೊಂಡರು.

“ಅವರ ಕಣ್ಣಿಗಿ ಹಿಡಿಸಿತ್ತು, ನನ್ನ ಕಣ್ಣಿಗಿ ಹಿಡಸೂದಿಲ್ಲೇನು?”

ಹಿಡಿಸಿದಂತೆಯೇ ಕಂಡಿತು. ಕೆಂಪು ಇಳಿಯಿತು. “ಹೋದ ಮ್ಯಾಲೂ ನನ್ನ ಕಾಯಾಕತ್ತಾರ” ಎಂದು ಗಂಡನನ್ನು ಹೊಗಳಿದರು. ಕೆಲವೇ ದಿನಗಳಲ್ಲಿ ಕಣ್ಣು ಉರಿಯಲು ಹತ್ತಿತು. ಬೆಳಕು ತಾಗಿದರೆ ಸೂಜಿ ಚುಚ್ಚಿದಂತೆ ಎಂದು ಕಿಟಕಿಗೆಲ್ಲ ಚಾದರ ಕಟ್ಟಿದರು. ರೊಟ್ಟಿಯ ಸದ್ದು ನಿಂತಿತು. ಸದ್ದು ನಿಂತದ್ದಕ್ಕೇ ನಾನು ಹೋಗಿ ನೋಡಿದ್ದು. ಬಾಗಿಲ ಬಳಿಗೆ ಎಳೆದು ತಂದು ರೆಪ್ಪೆ ಬಿಡಿಸಿದರೆ, ಕರಿಗುಡ್ಡೆಯ ನಟ್ಟನಡುವೆ ಹತ್ತಿಯ ಎಳೆ ಅಂಟಿದ ಹಾಗೆ ಒಂದು ಬಿಳಿ ಮಚ್ಚೆ.

ಅವತ್ತು ಆಫೀಸಿಗೆ ರಜೆ ಹಾಕಿ ಅವರನ್ನು ಲೋಕಲ್ ಟ್ರೇನು ಹತ್ತಿಸಿ ಠಾಣೆಯ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಮರಾಠಿ ಡಾಕ್ಟರಮ್ಮ. ಗದ್ದ ಊರಿ, ಹಣೆ ಒತ್ತಿ ಕೂರುವ ಯಂತ್ರದ ಮುಂದೆ ಕೂರಿಸಿ, ಕಿತ್ತಳೆ ಬಣ್ಣದ ಕಾಗದದ ತುದಿಯನ್ನು ಕಣ್ಣಿಗೆ ತಾಗಿಸಿದಳು. ನೀಲಿ ದೀಪ ಬಿಟ್ಟಾಗ ಗಾಯವಾದ ಜಾಗವಷ್ಟೇ ಹಸಿರಾಗಿ ಹೊಳೆಯಿತು. ಎದುರಿನ ಪರದೆಯಲ್ಲಿ ಅದನ್ನು ನನಗೂ ತೋರಿಸಿದಳು. ಆಮೇಲೆ ಕಣ್ಣು ಮರಗಟ್ಟಿಸುವ ಹನಿ ಹಾಕಿ, ಗಾಯದ ಅಂಚನ್ನು ಚೂರೇ ಕೆರೆದು, ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕಕ್ಕೆ ಕಳಿಸಿದಳು. ಬಂದ ಉತ್ತರ: ಬೂಷ್ಟು. ಗಿಡ, ಕಾಳು, ಹುಲ್ಲಿನ ಮೇಲೆ ಇರುವ ಬೂಷ್ಟು ಕಣ್ಣಿನೊಳಗೆ ಬೇರು ಬಿಟ್ಟಿತ್ತು.

“ಉಪ್ಪಿನಕಾಯಿಗಿ ಬರೂವಂಥಾದ್ದೇನ್ರಿ?” ನೀಲಕ್ಕನಿಗೆ ಅವಮಾನವಾದಂತಿತ್ತು. “ನಮ್ಮ ಮನ್ಯಾಗ ಉಪ್ಪಿನಕಾಯಿಗೂ ಬೂಷ್ಟ ಬರೂದಿಲ್ಲ.”

ಏನು ಔಷಧ ಹಾಕಿದ್ದಿರಿ ಎಂದು ಡಾಕ್ಟರು ಕೇಳಿದಾಗ ಸೊಂಟದ ಚೀಲದಿಂದ ಸಿದ್ದಪ್ಪನವರ ಬಾಟಲಿ ಹೊರಬಂತು. ಡಾಕ್ಟರು ಅದನ್ನು ಓದಿ ಹಣೆ ಹಣೆ ಚಚ್ಚಿಕೊಂಡಳು. ಅದು ಸ್ಟೀರಾಯ್ಡ್. ಆಪರೇಷನ್ ಆದ ಕಣ್ಣಿನ ಬಾವು ಇಳಿಸುವ ಔಷಧ ಅದು, ಬೂಷ್ಟು ಹಿಡಿದ ಕಣ್ಣಿಗೆ ವಿಷ. ನೀಲಕ್ಕನಿಗೆ ತಿಳಿಯಲೆಂದು ಆಕೆ ‘ಮಾವಶಿ’, ಅಂದರೆ ಚಿಕ್ಕಮ್ಮ, ಎಂದು ಕರೆದು ಹಿಂದಿಯಲ್ಲಿ ಹೇಳಿದಳು, ನಾನು ಕನ್ನಡಕ್ಕೆ ಇಳಿಸಿದೆ: ಮೈಯೊಳಗೆ ಒಬ್ಬ ವಾಚ್‌ಮನ್ ಇರುತ್ತಾನೆ ಮಾವಶಿ. ನಿಮ್ಮ ಮನೆಗೆ ಕಳ್ಳ ನುಗ್ಗಿದಾಗ ನೀವು ವಾಚ್‌ಮನ್‌ಗೆ ನಿದ್ದೆ ಔಷಧ ಕೊಟ್ಟಿರಿ. ಕಳ್ಳ ಆರಾಮವಾಗಿ ಮನೆ ದೋಚಿದ.

ನೀಲಕ್ಕ ಆ ಬಾಟಲಿಯನ್ನು ವಾಪಸ್ಸು ಕೇಳಿದರು. ಹಾಕಿಕೊಳ್ಳಲಿಕ್ಕಲ್ಲ, ಅವರದ್ದು ಅಂತ. ಡಾಕ್ಟರು ಕೊಡಲಿಲ್ಲ.

ಆಮೇಲಿನದ್ದು ಗಂಟೆಗೊಂದು ಹನಿಯ ಚಿಕಿತ್ಸೆ. ಬಾಟಲಿ ಕುಲುಕಬೇಕು, ರೆಪ್ಪೆ ಎಳೆಯಬೇಕು, ಸುಣ್ಣದ ನೀರಿನಂಥ ಔಷಧ ಬಿಡಬೇಕು. ನೀಲಕ್ಕನ ಮಗಳು ಶೋಭಾ ಕಾಮೋಠೆಯಿಂದ ಬಂದು ಕೆಲವು ವಾರ ಇದ್ದಳು. ಅವಳು ಹೋದ ಮೇಲೆ ಉಸ್ತುವಾರಿ ವಹಿಸಿಕೊಂಡದ್ದು ನನ್ನ ಅಪ್ಪ. ನಿವೃತ್ತಿಯಾದ ಮೇಲೆ ಅವರಿಗೆ ಕಾಯಲು ಗಲ್ಲಾ ಇರಲಿಲ್ಲ, ಕಾಯಲು ಒಂದು ಕಣ್ಣು ಸಿಕ್ಕಿತು. ಗಂಟೆಯಾದ ಕೂಡಲೇ ಕೋಲಿನಿಂದ ಎದುರು ಬಾಗಿಲು ಬಡಿದು “ನೀಲಮ್ಮಾ, ಹೊತ್ತಾಯ್ತು ಮಾರಾಯ್ತಿ” ಎನ್ನುತ್ತಿದ್ದರು. ಗಾಯ ಮಾಗಿತು. ಆದರೆ ಮಾಗಿದ ಜಾಗದಲ್ಲಿ ಬಿಳಿ ಕಲೆ ಉಳಿಯಿತು, ಎಡಗಣ್ಣಿನಂತೆಯೇ. ಕಣ್ಣು ಉಳಿದಿತ್ತು, ನೋಟ ಹೋಗಿತ್ತು.

ಆ ತಿಂಗಳುಗಳಲ್ಲಿ ನೀಲಕ್ಕ ತಡಕಾಡಿಕೊಂಡೇ ರೊಟ್ಟಿ ಬಡಿದರು. ಸದ್ದು ಮೊದಲಿನಷ್ಟೇ ಜೋರು, ರೊಟ್ಟಿಯ ಅಂಚು ಮಾತ್ರ ಅಲ್ಲಲ್ಲಿ ಸೀಯುತ್ತಿತ್ತು. ನಾವು ಯಾರೂ ಅದನ್ನು ಆಡಿ ತೋರಿಸಲಿಲ್ಲ. ಕಣ್ಣು ಪೂರ್ತಿ ತಣ್ಣಗಾದ ಮೇಲೆ ಕಾರ್ನಿಯಾ ಬದಲಿಸಬಹುದು, ಆದರೆ ಯಾರಾದರೂ ಕೊಡಬೇಕು ಎಂದು ಡಾಕ್ಟರು ಹೇಳಿದ್ದಳು. ಕಾಯುವುದೆಂದರೆ ಯಾರೋ ಸಾಯುವುದನ್ನು ಕಾಯುವುದು. ನೀಲಕ್ಕನಿಗೆ ಅದು ಸೇರುತ್ತಿರಲಿಲ್ಲ. “ನಾ ಯಾರಿಗೂ ಸಾಯಿ ಅನ್ನಂಗಿಲ್ಲ. ಹೋಗೂ ಹೊತ್ತಿನ್ಯಾಗ ಯಾರಿಗರೆ ನೆನಪಾದ್ರ ಕೊಡ್ಲಿ” ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಫೋನು ಬಂತು. ಯಾರಿಗೋ ನೆನಪಾಗಿತ್ತು.

ಆಪರೇಷನ್ ಆಗಿ ಮನೆಗೆ ಬಂದ ದಿನ ನೀಲಕ್ಕ ಮೆಟ್ಟಿಲು ಹತ್ತಿ ನಮ್ಮ ಬಾಗಿಲ ಮುಂದೆಯೇ ನಿಂತರು. ಎಲ್ಲ ಮಂಜು ಮಂಜು, ಏನೋ ಹಳದಿ ಹೊಳೆಯುತ್ತಿದೆ ಎಂದರು. ಕೆಲವು ವಾರ ಕಳೆದ ಮೇಲೆ ಹಳದಿಯ ಮೇಲೆ ಕಪ್ಪು ಗೀಟುಗಳು ಕಂಡವು. ಆಮೇಲೆ ‘ಹೆ’ ಬಂತು, ‘ಮಾ’ ಬಂತು. ನಾಲ್ಕನೇ ಇಯತ್ತೆ ಕಲಿತ ಹೆಂಗಸು ಮತ್ತೊಮ್ಮೆ ಅಕ್ಷರಾಭ್ಯಾಸ ಮಾಡಿದಂತಾಯಿತು. ಎಲ್ಲಕ್ಕಿಂತ ಕೊನೆಗೆ ಬಂದದ್ದು ‘ಬ್ರಿ’ಯ ಕೆಳಗೆ ಸಣ್ಣದಾಗಿ ಕೊಂಕಿರುವ ರ ಒತ್ತು. ಅದು ಕಂಡ ದಿನ ನಮ್ಮ ಮಹಡಿಯ ಎಲ್ಲ ಮನೆಗೂ ಹೋಳಿಗೆ ಹಂಚಿದರು. ಅಲ್ಲಿಂದ ಮುಂದೆ ಅದೇ ಅವರ ಅಳತೆ.

ಈಗ ಡಾಕ್ಟರು ಕೊಟ್ಟ ಔಷಧ ನೋಡಿದರೆ ಅದೇ ಸ್ಟೀರಾಯ್ಡ್. ನೀಲಕ್ಕ ಕುರ್ಚಿಯಿಂದಲೇ ಎದ್ದುಬಿಟ್ಟರು. “ಅವತ್ತ ಹಾಕಿದ್ದಕ್ಕ ಬೈದ್ರಿ, ಇವತ್ತ ಹಾಕೂದಿಲ್ಲಂದ್ರ ಬೈತೀರಿ. ಯಾವ ನ್ಯಾಯ ಇದು?”

ಡಾಕ್ಟರು ನಕ್ಕಳು. ಅವತ್ತು ಬಂದವನು ಕಳ್ಳ ಮಾವಶಿ, ಇವತ್ತು ಬಂದಿರುವುದು ನೆಂಟ. ವಾಚ್‌ಮನ್‌ಗೆ ನೆಂಟನ ಗುರುತಿಲ್ಲ, ಹೊಡೆದು ಓಡಿಸುತ್ತಾನೆ. ಅದಕ್ಕೇ ಅವನನ್ನು ಮಲಗಿಸಿಡಬೇಕು, ದಿನಾ, ತಪ್ಪದೆ. ಈ ಮಾತು ನೀಲಕ್ಕನಿಗೆ ಒಪ್ಪಿಗೆಯಾಯಿತು. ಮನೆಗೆ ಬಂದು ಅಪ್ಪನಿಗೂ ವಿವರಿಸಿದರು. ಅಂದಿನಿಂದ ಅಪ್ಪ ಕೋಲಿನಿಂದ ಬಾಗಿಲು ಬಡಿದು ಕೇಳುವ ಪ್ರಶ್ನೆ ಬದಲಾಯಿತು. “ನೀಲಮ್ಮಾ, ವಾಚ್‌ಮನ್ ಮಲಗಿದನಾ?”

“ಮಲಗಿಸೀನ್ರಿ ರಾಯರ.”

ಕೆಳಗೆ ಗೇಟಿನಲ್ಲಿದ್ದ ನಮ್ಮ ನಿಜವಾದ ವಾಚ್‌ಮನ್‌ಗೆ ಇದನ್ನು ಯಾರೋ ಅನುವಾದ ಮಾಡಿ ಹೇಳಿ, ಅವನು ಕೆಲವು ದಿನ ಅಪ್ಪನ ಜೊತೆ ಮುಖ ಗಂಟಿಕ್ಕಿಕೊಂಡಿದ್ದ.

ನೆಂಟ ಎಂಬ ಮಾತನ್ನು ನೀಲಕ್ಕ ಮನಸ್ಸಿಗೇ ಹಚ್ಚಿಕೊಂಡರು. ಕೊಟ್ಟವರು ಯಾರು ಎಂದು ಆಸ್ಪತ್ರೆಯವರು ಹೇಳುವುದಿಲ್ಲ. ಮಹಾಲಯ ಅಮಾವಾಸ್ಯೆ ಬಂತು. ಸಿದ್ದಪ್ಪನವರಿಗೆ ಎಡೆ ಇಡುವಾಗ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದರು, ಕಣ್ಣು ಕೊಟ್ಟವರಿಗೆ. ಹಾಕಿದ್ದೇನೋ ಹಾಕಿದರು, ಅದಕ್ಕೆ ಏನು ಬಡಿಸುವುದು? ಹೆಸರಿಲ್ಲ, ಊರಿಲ್ಲ, ಗಂಡೋ ಹೆಣ್ಣೋ ತಿಳಿಯದು. ನಮ್ಮ ಮನೆಗೆ ಬಂದು ಅಪ್ಪನ ಮುಂದೆ ಸಮಸ್ಯೆ ಇಟ್ಟರು.

“ಗುಜರಾತಿ ಇದ್ರ ಕಟಕ ರೊಟ್ಟಿ ಉಣ್ಣೂದಿಲ್ಲ. ಕಡಲಾಗ ಮೀನ ಹಿಡಿಯೂ ಕೋಳಿ ಮಂದಿ ಇದ್ರ ಮೀನ ಬೇಕು, ಅದನ್ನ ನನ್ನ ಕಡಿಂದ ಮಾಡೂದಾಗೂದಿಲ್ಲ. ಏನ ಮಾಡ್ಲಿ ರಾಯರ?”

ಹೋಟೆಲಿನ ಗಲ್ಲಾದಲ್ಲಿ ಕೂತು ಸಕಲ ಜಾತಿಯ ಜನ ಉಣ್ಣುವುದನ್ನು ನೋಡಿದ್ದ ಅಪ್ಪ ಬಹಳ ಯೋಚಿಸಿದರು. ಕೊನೆಗೆ, “ವಡಾಪಾವ್ ಇಡಿ” ಎಂದರು. “ಈ ಕಡೆಯ ಜನ ಯಾರೇ ಆಗಲಿ, ಅದನ್ನು ಬೇಡ ಅನ್ನುವವರು ಇಲ್ಲ.”

ಹಾಗೆ ಪ್ರತಿ ವರ್ಷ ಹೋಳಿಗೆ, ಕಡಬು, ಜೋಳದ ರೊಟ್ಟಿಗಳ ನಡುವೆ ಸ್ಟೇಷನ್ ಹತ್ತಿರದ ಗಾಡಿಯಿಂದ ತಂದ ಒಂದು ಬಿಸಿ ವಡಾಪಾವ್, ಒಣ ಬೆಳ್ಳುಳ್ಳಿ ಚಟ್ನಿಯೊಂದಿಗೆ. ಅದನ್ನು ನೋಡಿದಾಗ ನಗು ಬರುತ್ತಿತ್ತು. ನೀಲಕ್ಕ ಕೈಮುಗಿದು “ನಿಮ್ಮ ಕಣ್ಣಿಂದ ದಿನಾ ಒಂದ ಒಳ್ಳೆಯವರ ಹೆಸರ ಓದಾಕತ್ತೀನ್ರಿ, ಕೆಟ್ಟದ್ದೇನೂ ನೋಡಿಲ್ಲ” ಎಂದು ವರದಿ ಒಪ್ಪಿಸುವುದನ್ನು ಕೇಳಿದರೆ ನಾನೂ ಕೈಮುಗಿಯುತ್ತಿದ್ದೆ.

ಅಪ್ಪ ತಮ್ಮ ಕಣ್ಣನ್ನೂ ಕೊಡಬೇಕೆಂದು ಹೇಳಿದ್ದು ಅಂಥದ್ದೇ ಒಂದು ಅಮಾವಾಸ್ಯೆಯ ಊಟದ ಮೇಲೆ. “ನನಗೂ ಯಾರಾದರೂ ವಡಾಪಾವ್ ಇಡಲಿ” ಎಂದರು. ನಾವು ತಮಾಷೆ ಎಂದುಕೊಂಡೆವು. ನೀಲಕ್ಕ ಒಬ್ಬರೇ ತಮಾಷೆ ಎಂದುಕೊಳ್ಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಒರಗಿದ ಅಪ್ಪ ಮತ್ತೆ ಏಳಲಿಲ್ಲ. ಹತ್ತಿರದ ಡಾಕ್ಟರು ಬಂದು ನೋಡಿ ತಲೆಯಾಡಿಸಿ ಹೋದರು. ನಾನು ಅವರ ಕಾಲು ಹಿಡಿದುಕೊಂಡು ಕುಳಿತುಬಿಟ್ಟಿದ್ದೆ. ನೀಲಕ್ಕ ಬಂದವರೇ, ಗಾಳಿಗೆ ಕಣ್ಣು ಒಣಗಬಾರದೆಂದು, ಮೊದಲು ಫ್ಯಾನು ಆರಿಸಿದರು. ಬೇಸಿಗೆ, ಮನೆತುಂಬ ಜನ, ಯಾರೋ ಫ್ಯಾನು ಮತ್ತೆ ಹಾಕಲು ಹೋದರೆ ಕೈಮೇಲೆ ಒಂದು ಏಟು ಕೊಟ್ಟರು. ಅಪ್ಪನ ರೆಪ್ಪೆಗಳನ್ನು ಮೆಲ್ಲಗೆ ಮುಚ್ಚಿ, ಒದ್ದೆ ಹತ್ತಿಯನ್ನು ಅವುಗಳ ಮೇಲಿಟ್ಟು, ತಲೆಯ ಕೆಳಗೆ ದಿಂಬು ಕೊಟ್ಟರು. ಆಮೇಲೆ ನನ್ನ ಗದ್ದ ಹಿಡಿದು ಎತ್ತಿದರು.

“ತಂಗಿ, ಅಳಾಕ ನಿನಗ ಆಯುಷ್ಯ ಪೂರ್ತಿ ಐತಿ. ಕಣ್ಣಿಗಿ ಅಷ್ಟ ಹೊತ್ತಿಲ್ಲ. ಮೊದಲ ಫೋನ್ ಮಾಡು.”

ದಾನದ ಕಣ್ಣು ಪಡೆಯುವ ಐಬ್ಯಾಂಕಿನವರು ಬಂದರು. ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಂಡರು, ಹೋದರು. ಅಪ್ಪನ ಮುಖ ಮೊದಲಿನ ಹಾಗೆಯೇ ಇತ್ತು, ಕಾಫಿ ಬರಲಿ ಎಂದು ಕಣ್ಣುಮುಚ್ಚಿ ಕಾಯುತ್ತಿರುವ ಹಾಗೆ. ಅವರ ಕಣ್ಣು ಈಗ ಈ ಕಡೆಯ ಯಾರ ಬಳಿ ಇದೆಯೋ. ಲೋಕಲಿನಲ್ಲಿ ಎದುರು ಕೂತವರ ಕಣ್ಣನ್ನು ನಾನು ಈಗಲೂ ಸುಮ್ಮನೆ ನೋಡುತ್ತೇನೆ.

ಮರುದಿನ ಬೆಳಿಗ್ಗೆ ಚಿಲಕದ ಸದ್ದಾಯಿತು. ನಾನು ಅಡುಗೆಮನೆಯಿಂದಲೇ ಕಿವಿಗೊಟ್ಟೆ. ನೀಲಕ್ಕ ಓದಿದರು, “ಹೆಬ್ರಿ ಮಾಧವ ರಾವ್.” ಒಳಗಿನಿಂದ ಯಾರೂ ಉತ್ತರ ಕೊಡಲಿಲ್ಲ. ಉತ್ತರ ಬರುವಷ್ಟು ಹೊತ್ತು ಅವರು ನಿಂತಿದ್ದು, “ರ ಒತ್ತು ಕಾಣಾಕತ್ತೈತ್ರಿ” ಎಂದು ಮೆಲ್ಲಗೆ ಹೇಳಿ ಬಾಗಿಲು ಹಾಕಿಕೊಂಡರು. ಅಲ್ಲಿಂದ ಮುಂದೆ ದಿನಾ ಹಾಗೆಯೇ. ಒಂದು ದಿನವೂ ತಪ್ಪಲಿಲ್ಲ. ನನಗೂ ಅದು ಬೇಕಾಗಿತ್ತು. ದಿನಕ್ಕೊಮ್ಮೆ ಅಪ್ಪನ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿದರೆ ಅವರು ಇನ್ನೂ ಮನೆಯಲ್ಲಿದ್ದಾರೆ ಎನ್ನಿಸುತ್ತಿತ್ತು. ಕೋಲಿನಿಂದ ಬಾಗಿಲು ಬಡಿದು ವಾಚ್‌ಮನ್ ಮಲಗಿದನಾ ಎಂದು ಕೇಳುವವರು ಮಾತ್ರ ಇರಲಿಲ್ಲ. ನಾನು ಕೇಳಿದರೆ “ಹಾಕ್ಕೊಂಡೀನಿ ತಂಗಿ, ನೀ ಗಾಡಿ ಹಿಡಿ” ಎನ್ನುತ್ತಿದ್ದರು.

ವರ್ಷ ತುಂಬುವುದರೊಳಗೆ ಸೊಸೈಟಿಯವರು ದೀಪಾವಳಿಗೆ ಮುಂಚೆ ಬಾಗಿಲುಗಳಿಗೆಲ್ಲ ಬಣ್ಣ ಹೊಡೆಸಲು ನಿರ್ಧರಿಸಿದರು. ಬಣ್ಣದವನು ಸಂಜೆಯೇ ಬಂದು ಫಲಕದ ಮೊಳೆ ಕಿತ್ತು, ಅದನ್ನು ನನ್ನ ಕೈಗೆ ಕೊಟ್ಟು ಹೋದ. ತೊಳೆದು ಒರೆಸಿ ಮೇಜಿನ ಮೇಲೆ ಇಟ್ಟಿದ್ದೆ.

ಮರುದಿನ ಬೆಳಿಗ್ಗೆ ನಾನು ಬಾಗಿಲು ಅರ್ಧ ತೆರೆದು ಹಾಲಿನ ಚೀಲ ತೆಗೆದುಕೊಂಡೆ. ಎದುರು ನೀಲಕ್ಕ ನಿಂತಿದ್ದರು, ತಲೆ ಮೇಲೆ ಸೆರಗು, ಎಡಗಣ್ಣಿನ ಮೇಲೆ ಅಂಗೈ. ಬಲಗಣ್ಣು ನೇರವಾಗಿ ನಮ್ಮ ಬಾಗಿಲ ಮೇಲೆ, ಎರಡು ಮೊಳೆಯ ತೂತುಗಳ ಮೇಲೆ ನೆಟ್ಟಿತ್ತು.

“ಹೆಬ್ರಿ ಮಾಧವ ರಾವ್” ಎಂದು ಓದಿದರು. ಸ್ವಲ್ಪ ತಡೆದು, “ರ ಒತ್ತು ಕಾಣಾಕತ್ತೈತ್ರಿ.”

ನನ್ನ ಕೈಯಿಂದ ಹಾಲಿನ ಚೀಲ ಜಾರಿತು. ಆ ಸದ್ದಿಗೆ ಅವರು “ಯಾರು?” ಎಂದರು. ನಾನು ಅವರ ಮುಂದೆಯೇ ನಿಂತಿದ್ದರೂ ಯಾರು ಎಂದು ಕೇಳಿದರು.

ಅವರ ಕೈಹಿಡಿದು ಫಲಕ ಇರುತ್ತಿದ್ದ ಜಾಗಕ್ಕೆ ಮುಟ್ಟಿಸಿದೆ. ಬರೀ ಮರ. ಬೆರಳು ಅಲ್ಲೇ ಅತ್ತಿತ್ತ ಓಡಾಡಿತು. ಆಮೇಲೆ ಹೊಸ್ತಿಲ ಮೇಲೆ ಕುಳಿತು ಹೇಳಿದರು.

“ಮೊದಮೊದಲ ಕಾಣ್ತಿತ್ತು ತಂಗಿ. ಆಮ್ಯಾಲ ಸ್ವಲ್ಪ ಮಂಜಾತು, ಮಳಿಗಾಲದ ಮಬ್ಬ ಇರಬೇಕಂತ ಅನ್ಕೊಂಡೆ. ಬಾಯಿಗಿ ಪಾಠ ಆಗಿತ್ತಲ್ಲ, ಕಣ್ಣ ಓದಾಕತ್ತೈತೋ ಬಾಯಿ ಓದಾಕತ್ತೈತೋ ನನಗೂ ತಿಳೀಲಿಲ್ಲ. ಔಷಧ ಒಂದಿನ ಮರೀತು, ಎರಡ ದಿನ ಮರೀತು. ರಾಯರ ಕೋಲು ಕೇಳ್ತಿದ್ದಿಲ್ಲ.” ಆಮೇಲೆ ತಲೆ ತಗ್ಗಿಸಿ, “ತಿಳಿದ ಮ್ಯಾಲೂ ಓದಿದೆ, ಸುಳ್ಳ ಯಾಕ ಹೇಳ್ಲಿ. ನಾ ಓದೂದು ಬಿಟ್ರ ರಾಯರು ಖರೇನ ಹೋದಂಗಾಕ್ಕೈತಿ.”

ಬಣ್ಣದವನು ಬಂದಾಗ ನಾವಿಬ್ಬರೂ ಹೊಸ್ತಿಲ ಮೇಲೆ ಕೂತು ಅಳುತ್ತಿದ್ದೆವು. ಅವನು ಯಾರೋ ಈಗಷ್ಟೇ ತೀರಿಕೊಂಡಿದ್ದಾರೆ ಎಂದು ತಿಳಿದು ಡಬ್ಬ ಎತ್ತಿಕೊಂಡು ಹೊರಟುಹೋದ.

ಠಾಣೆಯಲ್ಲಿ ಮತ್ತೆ ಅದೇ ಯಂತ್ರ, ಅದೇ ಡಾಕ್ಟರು. ಪರದೆಯ ಮೇಲೆ ನೀಲಕ್ಕನ ಕಣ್ಣು ಆವಿ ಹಿಡಿದ ಗಾಜಿನಂತೆ ಕಂಡಿತು. ವಾಚ್‌ಮನ್ ಎದ್ದಿದ್ದಾನೆ ಎಂದಳು ಡಾಕ್ಟರು, ಎದ್ದು ಬಹಳ ದಿನವಾಗಿದೆ. ಆಸ್ಪತ್ರೆಯಲ್ಲಿಟ್ಟುಕೊಂಡು ಗಂಟೆ ಗಂಟೆಗೂ ಹನಿ ಹಾಕಿದರು, ಸೂಜಿ ಕೊಟ್ಟರು. ಒಂದಿಷ್ಟು ಆವಿ ಕರಗಿತು. ಎದುರಿಗೆ ನಿಂತವರು ಗಂಡೋ ಹೆಣ್ಣೋ ಎಂದು ತಿಳಿಯುವಷ್ಟು ಬಂತು. ಅಕ್ಷರ ಬರಲಿಲ್ಲ. ಇನ್ನೊಮ್ಮೆ ಬೇರೆ ಕಾರ್ನಿಯಾ ಹಾಕಬಹುದು, ನಿಲ್ಲುವ ಭರವಸೆ ಕಡಿಮೆ ಎಂದು ಡಾಕ್ಟರು ಹೇಳಿದಾಗ ನೀಲಕ್ಕ ಬೇಡವೆಂದರು. ನಾನು ಎಷ್ಟು ಜಗಳವಾಡಿದರೂ ಕೇಳಲಿಲ್ಲ.

“ಬಂದ ನೆಂಟರನ್ನ ನಾ ನೆಟ್ಟಗ ನೋಡ್ಕೊಳ್ಳಲಿಲ್ಲ. ಇನ್ನೊಬ್ಬರನ್ನ ಯಾವ ಮುಖದಿಂದ ಕರೀಲಿ? ಸಣ್ಣ ಮಕ್ಕಳಿಗಿ ಕೊಡ್ರಿ.”

ಶೋಭಾ ಬಂದು ಅವರನ್ನು ಕಾಮೋಠೆಗೆ ಕರೆದುಕೊಂಡು ಹೋದಳು. ಹೊರಡುವ ದಿನ ನಮ್ಮ ಬಾಗಿಲಿಗೆ ಹೊಸ ಬಣ್ಣದ ಮೇಲೆ ಫಲಕ ಮತ್ತೆ ಕೂತಿತ್ತು. ನೀಲಕ್ಕ ಅದನ್ನು ಕೈಯಿಂದ ಸವರಿದರು. “ಇನ್ನ ಮ್ಯಾಲ ನೀ ಓದು” ಎಂದರು. “ಫೋನ್ ಹಚ್ಚಿ ಓದು. ರಾಯರ ಪರವಾಗಿ ನಾ ಹಾಜರಿ ಹೇಳ್ತೀನಿ.”

ಹಾಗೆಯೇ ಮಾಡಿದೆವು. ಬೆಳಿಗ್ಗೆ ಡಬ್ಬಿ ಕಟ್ಟಿ, ಚೀಲ ಹೆಗಲಿಗೆ ಹಾಕಿ, ಬಾಗಿಲು ಎಳೆದುಕೊಂಡು, ಎದುರು ಮನೆಯ ಹೊಸ್ತಿಲ ಬಳಿ ನಿಂತು ನಾನು ಫೋನಿನಲ್ಲಿ ಓದುತ್ತಿದ್ದೆ. ಆ ಕಡೆಯಿಂದ “ಇದ್ದೀನಿ ತಂಗಿ, ಇದ್ದೀನಿ” ಎಂಬ ದೊಡ್ಡ ದನಿ. ಆಮೇಲೆ ತಪ್ಪದೆ, “ರ ಒತ್ತು ಕಾಣತೈತೇನ?” ನಾನು ಕಾಣುತ್ತದೆ ಎಂದರೆ, “ಹಂಗಾದ್ರ ನೀನೂ ಪಾಸು, ನಾನೂ ಪಾಸು” ಎಂದು ಅಪ್ಪನ ಮಾತನ್ನೇ ಆಡಿ ಫೋನು ಇಡುತ್ತಿದ್ದರು.

ಅವರನ್ನು ಕೊನೆಯ ಬಾರಿ ಕಂಡದ್ದು ಈಚಿನ ಮಹಾಲಯಕ್ಕೆ. ಐರೋಲಿಯ ನನ್ನ ಆಫೀಸಿನಿಂದ ನೇರ ಟ್ರೇನು ಹಿಡಿದು ಕಾಮೋಠೆಗೆ ಹೋಗಿದ್ದೆ, ಸ್ಟೇಷನ್ ಹೊರಗೆ ವಡಾಪಾವ್ ಕಟ್ಟಿಸಿಕೊಂಡು. ಈ ಸಲ ಮೂರು ಎಲೆ ಹಾಕಿಸಿದ್ದರು. ಗಂಡನಿಗೆ ಒಂದು, ಹೆಸರಿಲ್ಲದ ನೆಂಟರಿಗೆ ಒಂದು, ಅಪ್ಪನಿಗೆ ಒಂದು. ಅಪ್ಪನ ಎಲೆಯಲ್ಲೂ ವಡಾಪಾವ್. “ಕೇಳಿದ್ರಲ್ಲ ಅವರು, ಬಾಯಿ ಬಿಟ್ಟು ಕೇಳಿದ್ರು” ಎಂದರು. ಹೊರಡುವಾಗ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಏನು ಕಂಡಿತೋ. “ಸೊರಗೀದಿ, ರೊಟ್ಟಿ ಉಣ್ಣು” ಎಂದರು.

ಮಾಘದ ಒಂದು ಬೆಳಿಗ್ಗೆ ನಾನು ಓದಲು ಫೋನು ಹಚ್ಚಿದಾಗ ಎತ್ತಿದ್ದು ಶೋಭಾ, ಅಳುತ್ತಿದ್ದಳು. ಅವಳು ಏನೂ ಹೇಳುವ ಮೊದಲೇ ನಾನು ಕೇಳಿದ್ದು ಫ್ಯಾನು ಆರಿಸಿದೆಯಾ ಎಂದು. ಆರಿಸಿದ್ದಳು. ಐಬ್ಯಾಂಕಿನವರೂ ಬಂದು ಹೋಗಿದ್ದರು. ಆ ಎರಡು ಕಣ್ಣುಗಳನ್ನು ಯಾರಿಗೂ ಹಾಕಲು ಬರುವುದಿಲ್ಲ, ಡಾಕ್ಟರಿಕೆ ಕಲಿಯುವವರಿಗೆ ಅಭ್ಯಾಸಕ್ಕೆ ಆಗುತ್ತದೆ ಎಂದು ಒಯ್ದರಂತೆ. ಯಾವುದೋ ಹುಡುಗಿ ಆ ಎಡಗಣ್ಣಿನ ಕಲೆಯನ್ನು ನೋಡಿ ದಡಾರದ ಪಾಠ ಕಲಿಯುತ್ತಾಳೆ. ಬಲಗಣ್ಣಿನಿಂದ ಕಲಿಯುವುದು ಇನ್ನೂ ಹೆಚ್ಚಿದೆ.

ಎದುರು ಮನೆಗೆ ಇನ್ನೂ ಯಾರೂ ಬಂದಿಲ್ಲ. ಗೋಡೆಯ ಆ ಕಡೆ ಸದ್ದಿಲ್ಲ, ನನಗೆ ಎಚ್ಚರವಾಗಲು ಈಗ ಅಲಾರಂ ಬೇಕು. ಬೆಳಿಗ್ಗೆ ಬಾಗಿಲು ಎಳೆದುಕೊಂಡು ಅವರ ಹೊಸ್ತಿಲ ಬಳಿ ನಿಲ್ಲುತ್ತೇನೆ. ಎಡ ಅಂಗೈಯನ್ನು ಎಡಗಣ್ಣಿನ ಮೇಲೆ ಇಟ್ಟುಕೊಳ್ಳುತ್ತೇನೆ.

“ಹೆಬ್ರಿ ಮಾಧವ ರಾವ್.”

ಉತ್ತರ ಬರುವಷ್ಟು ಹೊತ್ತು ಕಾಯುತ್ತೇನೆ.

“ರ ಒತ್ತು ಕಾಣುತ್ತದೆ ನೀಲಕ್ಕ” ಎಂದು ಅವರ ಮುಚ್ಚಿದ ಬಾಗಿಲಿಗೆ ಹೇಳಿ, ಗಾಡಿ ಹಿಡಿಯಲು ಮೆಟ್ಟಿಲಿಳಿಯುತ್ತೇನೆ.